ಜೀಪಿನ ಆಕ್ಸಲ್‌ಗೆ ನೀರು ನುಗ್ಗುತ್ತಿತ್ತು, ಹೀಗೆ ನಿಲ್ಲಿಸಿದೆ

ಸಕಲೇಶಪುರದ ಕಡೆ ಇರುವ ನಮ್ಮ ತೋಟಕ್ಕೆ ಮಳೆಗಾಲದಲ್ಲಿ ಹಳ್ಳ ದಾಟಿಯೇ ಹೋಗಬೇಕು. ಈ ಸಲ ಜೀಪಿನ ಹಿಂದಿನ ಡಿಫರೆನ್ಷಿಯಲ್‌ನಿಂದ (ಆಕ್ಸಲ್‌ನಲ್ಲಿರುವ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್‌ಗಳ ಜೋಡಣೆ) ಗುಂಯ್ ಅನ್ನುವ ಸದ್ದು ಶುರುವಾಯಿತು. ಆಯಿಲ್ ಇಳಿಸಿದರೆ ಹಾಲು ಹಾಕಿದ ಕಾಫಿ ಬಣ್ಣ! ಒಳಗೆ ನೀರು ಸೇರಿದೆ ಅನ್ನುವುದಕ್ಕೆ ಇನ್ನೇನು ಗುರುತು ಬೇಕು?

ಮೆಕ್ಯಾನಿಕ್ ಸೀಲ್ ಬದಲಿಸಿ ಅಂದರು. ಆದರೆ ಸೀಲ್ ಸುತ್ತ ಒಂದು ಹನಿ ಸೋರಿಕೆ ಇರಲಿಲ್ಲ. ನನಗೆ ಬ್ರೀದರ್ ಮೇಲೆ ಅನುಮಾನ. ಆಕ್ಸಲ್ ಮೇಲಿರುವ ಈ ಪುಟ್ಟ ವಾಲ್ವ್ ಒಳಗಿನ ಬಿಸಿ ಗಾಳಿಯನ್ನು ಹೊರಗೆ ಬಿಡುತ್ತದೆ. ಓಡಿ ಕಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸಂದಿ ಸಿಕ್ಕಲ್ಲಿ ನೀರೆಳೆದುಕೊಳ್ಳುತ್ತದೆ. ಬಿಚ್ಚಿ ನೋಡಿದೆ. ಕ್ಯಾಪ್ ಅಡಿ ಕೆಂಪು ಕೆಸರು ಗಟ್ಟಿಯಾಗಿ ಕೂತು, ವಾಲ್ವ್ ತೆರೆದ ಹಾಗೇ ಕಚ್ಚಿಕೊಂಡಿತ್ತು.

ಅದನ್ನು ತೆಗೆದು ಅದೇ ಥ್ರೆಡ್‌ನ ನಿಪ್ಪಲ್ (ಹೋಸ್ ಸಿಕ್ಕಿಸುವ ಪುಟ್ಟ ಕೊಳವೆ) ಕೂರಿಸಿದೆ. ಆಯಿಲ್ ತಾಳುವ ಹೋಸ್ ಸಿಕ್ಕಿಸಿ, ಸೈಲೆನ್ಸರ್‌ನಿಂದ ದೂರವಾಗಿ ಚಾಸಿ ಗುಂಟ ತಂದು ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿದೆ. ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್. ಗುಂಡಿಗೆ ಚಕ್ರ ಇಳಿದಾಗ ಆಕ್ಸಲ್ ಕೆಳಗೆ ಜಗ್ಗುತ್ತದೆ ಅಲ್ವಾ, ಅದಕ್ಕೆ ಹೋಸ್ ಸಡಿಲ ಬಿಡಬೇಕು. ಇಲ್ಲಾಂದ್ರೆ ಕಿತ್ತು ಬರುತ್ತದೆ.

ಹೊಸ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಇಳಿಸಿ ಮತ್ತೆ ತುಂಬಿಸಿದೆ. ಖರ್ಚು ಜಾಸ್ತಿ, ನಿಜ. ಬೇರಿಂಗ್ ಬೆಲೆ ಕೇಳಿದವರು ಗೊಣಗುವುದಿಲ್ಲ. ಅಂದ ಹಾಗೆ, ತುಂಬುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವುದು ಆಮೇಲೆ. ಮೇಲಿನದು ತುಕ್ಕು ಹಿಡಿದು ಜಾಮ್ ಆಗಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಮೊನ್ನೆ ಹಳ್ಳ ದಾಟಿ ಬಂದು ನೋಡಿದೆ, ಆಯಿಲ್ ತಿಳಿಯಾಗಿದೆ. ಸದ್ದು ಮಾತ್ರ ಸ್ವಲ್ಪ ಉಳಿದಿದೆ. ಬೇರಿಂಗ್ ಒಮ್ಮೆ ಬಿಚ್ಚಿ ನೋಡಿಸಬೇಕು.