ಹುಲಿ ಸಫಾರಿ: ಸೀಟು ಕಾಯ್ದಿರಿಸುವುದರಿಂದ ಕಾಡು ದಾಟಿ ಬರುವವರೆಗೆ

ಸಫಾರಿಗೆ ಹೊರಟವರೆಲ್ಲ ಟಿಕೆಟ್ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇವತ್ತು ಹುಲಿ ಸಿಗುತ್ತದೆಯೇ?’ ಇದಕ್ಕೆ ಖಚಿತವಾಗಿ ಉತ್ತರಿಸಬಲ್ಲವರು ಯಾರೂ ಇಲ್ಲ. 2022ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 3,682 ಹುಲಿಗಳಿವೆ, ಕರ್ನಾಟಕದಲ್ಲಿ 563 ಇವೆ. ಬಂಡೀಪುರದಲ್ಲಿ 150, ಅದಕ್ಕೆ ಹೊಂದಿಕೊಂಡ ನಾಗರಹೊಳೆಯಲ್ಲಿ 141 ಹುಲಿಗಳಿವೆ ಎಂದು ಅದೇ ಗಣತಿ ಹೇಳುತ್ತದೆ. ಇಷ್ಟು ಹುಲಿಗಳಿರುವ ಕಾಡಿನಲ್ಲಿಯೂ ಮೂರು ಗಂಟೆ ಸುತ್ತಿ ಒಂದನ್ನೂ ಕಾಣದೆ ಬರುವವರೇ ಹೆಚ್ಚು. ಆದರೆ ಆ ಮೂರು ಗಂಟೆ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಗುರುತು ಪರಿಚಯವಿಲ್ಲದ ಹತ್ತಿಪ್ಪತ್ತು ಜನರ ಜೊತೆ ಒಂದೇ ವಾಹನದಲ್ಲಿ ಹೋಗುವಾಗ ಅದು ಪಕ್ಕದಲ್ಲಿ ಕುಳಿತವರ ಕೈಯಲ್ಲಿಯೂ ಇರುತ್ತದೆ.

ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನಬೆಟ್ಟ ಮತ್ತು ಕಾಳಿ ಎಂಬ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ. ಮೊದಲ ಬಾರಿ ಹೋಗುವವರಿಗೆ ನಾನು ಹೇಳುವುದು ಬಂಡೀಪುರ ಅಥವಾ ನಾಗರಹೊಳೆಯ ಕಬಿನಿ ಭಾಗ. ಭದ್ರಾ, ಕಾಳಿ ಕಾಡುಗಳು ಚೆಲುವಿನಲ್ಲಿ ಕಡಿಮೆಯೇನಲ್ಲ, ಆದರೆ ಅಲ್ಲಿ ಮರಗಿಡಗಳು ದಟ್ಟವಾಗಿರುವುದರಿಂದ ಪ್ರಾಣಿ ಹತ್ತು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳದೆ ಹೋಗಬಹುದು.

ಯಾವಾಗ ಹೋಗಬೇಕು?

ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಅದರ ಹಿನ್ನೀರು ಮಳೆಗಾಲದಲ್ಲಿ ಕಾಡಿನ ಅಂಚಿನವರೆಗೂ ತುಂಬಿಕೊಂಡು, ಫೆಬ್ರುವರಿಯಿಂದಾಚೆಗೆ ಇಳಿಯತೊಡಗುತ್ತದೆ. ನೀರು ಇಳಿದ ಜಾಗದಲ್ಲಿ ಎಳೆಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಕಟ್ಟೆಗಳು ಒಣಗುವ ಹೊತ್ತಿಗೆ ಆನೆ, ಕಾಟಿ (ಕಾಡುಕೋಣ), ಜಿಂಕೆಗಳು ನೀರಿಗೂ ಮೇವಿಗೂ ಅಲ್ಲಿಗೇ ಬರಬೇಕಾಗುತ್ತದೆ, ಅವುಗಳ ಬೆನ್ನಿಗೆ ಹುಲಿಯೂ ಬರುತ್ತದೆ. ಹೀಗಾಗಿ ಹುಲಿಯನ್ನೇ ಮುಖ್ಯವಾಗಿಟ್ಟುಕೊಂಡು ಹೋಗುವವರಿಗೆ ಮಾರ್ಚ್ ಮತ್ತು ಏಪ್ರಿಲ್ ಸೂಕ್ತ ತಿಂಗಳುಗಳು. ಮಧ್ಯಪ್ರದೇಶದ ಕಾನ್ಹಾ, ಬಾಂಧವಗಡದಂಥ ಕಾಡುಗಳ ಒಳವಲಯವನ್ನು ಜುಲೈನಿಂದ ಸೆಪ್ಟೆಂಬರ್‌ವರೆಗೆ ಮುಚ್ಚುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆಂದು ಹಾಗೆ ಪೂರ್ತಿ ಮುಚ್ಚುವ ರೂಢಿಯಿಲ್ಲವಾದರೂ, ಎಲ್ಲೆಲ್ಲೂ ನೀರಿರುವ ಆ ದಿನಗಳಲ್ಲಿ ಪ್ರಾಣಿಗಳು ಚದುರಿಹೋಗಿರುತ್ತವೆ.

ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವೂ ಇದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಸಾವಿರಾರು ಎಕರೆ ಕಾಡು ಸುಟ್ಟು, ಸಫಾರಿ ನಿಂತಿತ್ತು. 2025ರ ನವೆಂಬರ್‌ನಲ್ಲಿ ನಿಂತದ್ದಕ್ಕೆ ಕಾರಣವೇ ಬೇರೆ. ಸರಗೂರು ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಒಬ್ಬರ ಹಿಂದೊಬ್ಬರಂತೆ ರೈತರು ಬಲಿಯಾದಾಗ, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆ ಎರಡೂ ಕಡೆ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಸೆರೆಯ ಕೆಲಸಕ್ಕೆ ಕಳುಹಿಸಿತು. ನಾವು ನೋಡಲೆಂದು ಹೋಗುವ ಅದೇ ಹುಲಿ ಬೇಲಿಯಾಚೆಗಿನ ಹೊಲದಲ್ಲಿ ದುಡಿಯುವವರಿಗೆ ಪ್ರಾಣಭಯವಾಗಿದೆ ಎಂಬುದನ್ನು ಪ್ರವಾಸಿಗರು ಮರೆಯಬಾರದು. ಆದ್ದರಿಂದ ರಜೆ ಹಾಕುವ ಮೊದಲು, ಕೊಠಡಿ ಹಿಡಿಯುವ ಮೊದಲು, ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಅಥವಾ ದೂರವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಸೀಟು, ಗೇಟು, ಗುರುತಿನ ಚೀಟಿ

ಸೀಟಿನ ಲೆಕ್ಕದಲ್ಲಿ ಸಫಾರಿಗೆ ಹೋಗಲು ಎರಡು ದಾರಿಗಳಿವೆ. ಒಂದು, ಅರಣ್ಯ ಇಲಾಖೆಯ ಮಿನಿ ಬಸ್ಸು. ಇದರಲ್ಲಿ ಇಪ್ಪತ್ತು ಚಿಲ್ಲರೆ ಜನ ಕುಳಿತುಕೊಳ್ಳುತ್ತಾರೆ, ದರವೂ ಕಡಿಮೆ. ಇನ್ನೊಂದು, ತೆರೆದ ಜೀಪು. ಕಬಿನಿಯಲ್ಲಿ ಇದನ್ನು ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುತ್ತದೆ, ಅಲ್ಲಿನ ಖಾಸಗಿ ರೆಸಾರ್ಟುಗಳ ಅತಿಥಿಗಳೂ ಅದರ ವಾಹನಗಳಲ್ಲಿಯೇ ಕಾಡಿಗೆ ಹೋಗುತ್ತಾರೆ. ಜೀಪಿನ ದರ ಬಸ್ಸಿಗಿಂತ ಬಹಳ ಹೆಚ್ಚು. ಬಸ್ಸೆಂದು ಹಿಂಜರಿಯಬೇಕಾಗಿಲ್ಲ. ಆಳೆತ್ತರ ಬೆಳೆದ ಲಂಟಾನ ಕಳೆಗಿಡಗಳ ಮೇಲಿಂದ ನೋಡಲು ಬಸ್ಸಿನ ಎತ್ತರವೇ ಅನುಕೂಲ. ಆದರೆ ಕಿಟಕಿಯ ಸರಳುಗಳು ಕ್ಯಾಮೆರಾಕ್ಕೆ ಅಡ್ಡ ಬರುತ್ತವೆ, ಕಿರಿದಾದ ದಾರಿಯಲ್ಲಿ ಬಸ್ಸನ್ನು ಬೇಗ ತಿರುಗಿಸಲಾಗದು. ಕಬಿನಿಯಲ್ಲಿ ದೋಣಿ ಸಫಾರಿಯೂ ಇದೆ. ಆನೆಗೂ ಹಕ್ಕಿಗಳಿಗೂ ಅದು ಚೆನ್ನ, ಹುಲಿಗೆಂದು ಹೋಗುವವರು ವಾಹನವನ್ನೇ ಆರಿಸಿಕೊಳ್ಳಬೇಕು.

ಗೇಟಿನ ಹೆಸರನ್ನು ಎರಡು ಬಾರಿ ಓದಿಕೊಳ್ಳಿ. ‘ನಾಗರಹೊಳೆ ಸಫಾರಿ’ ಎಂದರೆ ಒಂದೇ ಜಾಗವಲ್ಲ. ಕೊಡಗಿನ ಕುಟ್ಟದ ಕಡೆ ನಾಣಚ್ಚಿ ಗೇಟು, ಹುಣಸೂರಿನ ಕಡೆ ವೀರನಹೊಸಹಳ್ಳಿ, ಎಚ್.ಡಿ. ಕೋಟೆಯ ಕಡೆ ಅಂತರಸಂತೆಯ ಬಳಿ ದಮ್ಮನಕಟ್ಟೆ ಇವೆ. ವೀರನಹೊಸಹಳ್ಳಿಗೆ ಟಿಕೆಟ್ ಪಡೆದು ದಮ್ಮನಕಟ್ಟೆಗೆ ಬಂದು ನಿಂತ ಕುಟುಂಬವೊಂದನ್ನು ನಾನು ಕಂಡಿದ್ದೇನೆ. ಅಲ್ಲಿಂದ ಇಲ್ಲಿಗೆ ಒಂದು ಗಂಟೆಗೂ ಮೀರಿದ ದಾರಿಯಾದ್ದರಿಂದ ಅವರ ಬಸ್ಸು ಅವರಿಲ್ಲದೆಯೇ ಹೊರಟುಹೋಗಿತ್ತು. ಬಂಡೀಪುರದ ಸಫಾರಿಯೂ ಈಗ ಹಳೆಯ ಆವರಣದಿಂದಲ್ಲ, ಗುಂಡ್ಲುಪೇಟೆಯಿಂದ ಹೋಗುವಾಗ ಮೊದಲೇ ಸಿಗುವ ಮೇಲುಕಾಮನಹಳ್ಳಿಯಿಂದ ಹೊರಡುತ್ತದೆ.

ಟಿಕೆಟ್ಟಿನಲ್ಲಿರುವ ಹೆಸರಿಗೆ ಹೊಂದುವ ಗುರುತಿನ ಚೀಟಿಯ ಮೂಲಪ್ರತಿ ಎಲ್ಲರ ಬಳಿಯೂ ಇರಲಿ. ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕವಿದೆ. ಡ್ರೋನ್ ಒಯ್ಯುವಂತಿಲ್ಲ. ಮೊಬೈಲಿನ ವಿಷಯದಲ್ಲಿ ನಿಯಮಗಳು ಬಿಗಿಯಾಗುತ್ತಿವೆ, ಕೆಲವು ಕಾಡುಗಳಲ್ಲಿ ಅದನ್ನು ಗೇಟಿನಲ್ಲಿಯೇ ಬಿಟ್ಟು ಹೋಗಬೇಕು. ಹೊರಡುವ ಅರ್ಧ ಗಂಟೆ ಮೊದಲೇ ತಲುಪಿ ಶೌಚಾಲಯಕ್ಕೆ ಹೋಗಿಬನ್ನಿ, ಏಕೆಂದರೆ ಒಳಗೆ ಹೋದ ಮೇಲೆ ಯಾವ ಕಾರಣಕ್ಕೂ ವಾಹನದಿಂದ ಇಳಿಯಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರನ್ನೂ ಪುಟ್ಟ ಮಕ್ಕಳನ್ನೂ ಕರೆತರುವವರು ಇದನ್ನು ಮೊದಲೇ ಯೋಚಿಸಿರಬೇಕು.

ಬಟ್ಟೆಯ ಬಣ್ಣದ ಬಗ್ಗೆ ಬಹಳ ಹೇಳುತ್ತಾರೆ. ಹಸಿರು, ಕಂದು, ಮಣ್ಣಿನ ಬಣ್ಣಗಳು ಒಳ್ಳೆಯವೇ. ಆದರೂ ನನ್ನ ಅನುಭವದಲ್ಲಿ ಬಣ್ಣಕ್ಕಿಂತ ಅಲುಗಾಟ ಮತ್ತು ಸದ್ದು ಪ್ರಾಣಿಗಳನ್ನು ಹೆಚ್ಚು ಬೆದರಿಸುತ್ತವೆ. ನಡೆದಾಗ ಸರಸರ ಎನ್ನುವ ಜಾಕೆಟ್, ಪರಪರ ಸದ್ದು ಮಾಡುವ ಚಿಪ್ಸ್ ಪೊಟ್ಟಣ ಮತ್ತು ಸೆಂಟು ಇವು ಮೂರೂ ಬೇಡ. ಡಿಸೆಂಬರ್, ಜನವರಿಯ ಮುಂಜಾನೆ ತೆರೆದ ಜೀಪಿನಲ್ಲಿ ಕೈಬೆರಳು ಮರಗಟ್ಟುವಷ್ಟು ಚಳಿಯಿರುತ್ತದೆ, ಟೋಪಿ ಮತ್ತು ಸ್ವೆಟರ್ ಮರೆಯಬೇಡಿ.

ಚಾಲಕರೊಂದಿಗೆ ಮಾತು

ವಾಹನ ಹೊರಡುವ ಮುನ್ನ ಚಾಲಕರಿಗೋ ಗೈಡ್‌ಗೋ ನಮಸ್ಕಾರ ಹೇಳಿ ಒಂದು ಮಾತು ಆಡಿ: ‘ಅಣ್ಣಾ, ಹುಲಿ ಸಿಕ್ಕರೆ ಸಂತೋಷ, ಸಿಗದಿದ್ದರೆ ಬೇಸರವಿಲ್ಲ. ಕಾಡು ತೋರಿಸಿ.’ ಈ ಒಂದು ಮಾತಿನಿಂದ ಆಗುವ ವ್ಯತ್ಯಾಸವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹುಲಿ ತೋರಿಸಲೇಬೇಕೆಂದು ಪ್ರಯಾಣಿಕರು ಒತ್ತಾಯಿಸಿದಾಗ ಚಾಲಕರು ಒಂದೆಡೆ ನಿಲ್ಲಲಾರರು. ಇನ್ನೊಂದು ವಾಹನ ಕಂಡಿತೆಂದು ಅತ್ತ, ಮತ್ತೊಂದು ಕಂಡಿತೆಂದು ಇತ್ತ ಓಡುತ್ತ, ದೂಳೆಬ್ಬಿಸುತ್ತ, ಕೊನೆಗೆ ಏನನ್ನೂ ನೋಡದಂತಾಗುತ್ತದೆ. ಈ ಕೆಲಸದಲ್ಲಿರುವವರಲ್ಲಿ ಹಲವರು ಕಾಡಂಚಿನ ಹಾಡಿಗಳಲ್ಲಿ (ಆದಿವಾಸಿ ಕೇರಿಗಳಲ್ಲಿ) ಬೆಳೆದ ಜೇನುಕುರುಬ, ಬೆಟ್ಟಕುರುಬ ಸಮುದಾಯದವರು. ಯಾವ ಕೆರೆಗೆ ಯಾವ ಹೊತ್ತಿನಲ್ಲಿ ಏನು ಬರುತ್ತದೆಂಬುದು ಅವರಿಗೆ ಮನೆಯಂಗಳದಷ್ಟೇ ಪರಿಚಿತ. ಅವರು ನಿಲ್ಲಿಸಿದಲ್ಲಿ ನಿಲ್ಲುವುದೇ ಸಫಾರಿಯ ಅರ್ಧ ಗುಟ್ಟು.

ಕೇಳಿಸಿಕೊಳ್ಳುವ ಕೆಲಸ

ಹುಲಿಯನ್ನು ನಾವು ಹುಡುಕುವುದಕ್ಕಿಂತ, ಅದಕ್ಕೆ ಆಹಾರವಾಗುವ ಪ್ರಾಣಿಗಳು ಅದನ್ನು ಹುಡುಕಿ ನಮಗೆ ಹೇಳುತ್ತವೆ. ಈ ಕೂಗುಗಳನ್ನು ಮೊದಲೇ ತಿಳಿದುಕೊಂಡು ಹೋದವರಿಗೆ ಕಾಡು ಬೇರೆಯೇ ಆಗಿ ಕಾಣುತ್ತದೆ. ಚುಕ್ಕೆ ಜಿಂಕೆಯ ಎಚ್ಚರಿಕೆಯ ಕೂಗು ತೀಕ್ಷ್ಣವಾದ, ಎತ್ತರದ ದನಿಯದು. ಆದರೆ ಜಿಂಕೆ ಸೀಳುನಾಯಿಗೂ ಕೂಗುತ್ತದೆ, ಚಿರತೆಗೂ ಕೂಗುತ್ತದೆ, ಒಮ್ಮೊಮ್ಮೆ ಬರಿದೇ ಬೆದರಿಯೂ ಕೂಗುತ್ತದೆ. ಮುಸಿಯ, ಅಂದರೆ ಕಪ್ಪು ಮುಖದ ಲಂಗೂರ್ ಕೋತಿ, ಮರದ ತುದಿಯಿಂದ ಗಂಟಲು ಕೆರೆದು ಕೆಮ್ಮಿದಂತೆ ‘ಖೊಕ್ ಖೊಕ್’ ಎನ್ನುತ್ತದೆ. ಎತ್ತರದಲ್ಲಿ ಕುಳಿತಿರುವುದರಿಂದ ಅದು ನೋಡುತ್ತಿರುವ ದಿಕ್ಕನ್ನು ನೋಡಿದರೆ ಹುಲಿಯಿರುವ ಕಡೆ ತಿಳಿಯುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದದ್ದು ಕಡವೆ. ಅದು ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಬಾಲ ನಿಗುರಿಸಿ, ಮುಂಗಾಲನ್ನು ನೆಲಕ್ಕೆ ಕುಟ್ಟಿ, ಕಹಳೆಯಂತೆ ಗಡುಸಾಗಿ ‘ಢಾಂಕ್’ ಎಂದು ಮತ್ತೆ ಮತ್ತೆ ಕೂಗಿತೆಂದರೆ ಚಾಲಕರು ಎಂಜಿನ್ ಆರಿಸುತ್ತಾರೆ.

ನೆಲದ ಮೇಲೂ ಸುದ್ದಿ ಬರೆದಿರುತ್ತದೆ. ಮೆತ್ತನೆಯ ಹುಡಿಮಣ್ಣಿನ ದಾರಿಯಲ್ಲಿ ನಡೆಯುವುದು ಹುಲಿಗೆ ಇಷ್ಟ, ಹಾಗಾಗಿ ಬೆಳಗಿನ ಮೊದಲ ವಾಹನಕ್ಕೆ ಹೆಜ್ಜೆ ಗುರುತು ಸಿಗುವ ಸಂಭವ ಹೆಚ್ಚು. ಗುರುತು ಟೈರಿನ ಅಚ್ಚಿನ ಮೇಲಿದೆಯೋ ಕೆಳಗಿದೆಯೋ ನೋಡಿ. ಮೇಲಿದ್ದರೆ ಹಿಂದಿನ ವಾಹನ ಹೋದ ಬಳಿಕ ಹುಲಿ ಅಲ್ಲಿ ನಡೆದಿದೆ. ಅಂಚುಗಳು ಚೂಪಾಗಿದ್ದು, ಇರುವೆ ಹುಳುಗಳ ಸಣ್ಣ ಗೆರೆಗಳು ಅದರ ಮೇಲೆ ಹಾಯ್ದಿಲ್ಲವಾದರೆ ಗುರುತು ಇನ್ನೂ ಹೊಸದು. ಗಂಡಿನ ಹೆಜ್ಜೆ ಚೌಕಾಕಾರಕ್ಕೆ ಹತ್ತಿರ, ಹೆಣ್ಣಿನದು ಸ್ವಲ್ಪ ಉದ್ದ. ದಾರಿಬದಿಯ ಮತ್ತಿ ಮರದ ಬುಡದಿಂದ ಒಮ್ಮೆ ಗಂಧಸಾಲೆ ಅಕ್ಕಿ ಬೇಯುವಾಗಿನಂಥ ಪರಿಮಳ ಬಂದರೆ ಅಡುಗೆಮನೆಯನ್ನು ಹುಡುಕಬೇಡಿ: ಹುಲಿ ತನ್ನ ಗಡಿ ಗುರುತಿಸಲು ಸಿಂಪಡಿಸುವ ದ್ರವದಲ್ಲಿ ಪರಿಮಳದ ಅಕ್ಕಿಯಲ್ಲಿರುವ ಅದೇ ರಾಸಾಯನಿಕವಿದೆ.

ಒಂದು ಏಪ್ರಿಲ್ ಸಂಜೆ ಕಬಿನಿ ಕಡೆಯ ಕೆರೆಯೊಂದರ ಬಳಿ ನಮ್ಮ ಬಸ್ಸು ನಿಂತಿತ್ತು. ಎದುರು ದಡದಲ್ಲಿ ಒಂಟಿ ಹೆಣ್ಣು ಕಡವೆ ಎತ್ತಿದ ಮುಂಗಾಲನ್ನು ಇಳಿಸದೆ ಲಂಟಾನದ ಪೊದೆಯೊಂದನ್ನೇ ದಿಟ್ಟಿಸುತ್ತಿತ್ತು. ಐದು ನಿಮಿಷವಾದ ಮೇಲೆ ಹಿಂದಿನ ಸೀಟಿನವರು ‘ಮುಂದೆ ಹೋಗೋಣ’ ಎಂದರು. ಚಾಲಕರು ತಿರುಗದೆಯೇ, ‘ಸ್ವಲ್ಪ ತಾಳಿ ಸಾರ್’ ಎಂದರು. ಮತ್ತೆ ಹತ್ತು ಹನ್ನೆರಡು ನಿಮಿಷ ಯಾರೂ ಮಾತನಾಡಲಿಲ್ಲ. ಆಮೇಲೆ ಕಡವೆ ಕೂಗಿತು, ಪೊದೆ ಅಲುಗದೆಯೇ ಹೆಣ್ಣುಹುಲಿಯೊಂದು ಹೊರಗೆ ಬಂದಿತ್ತು. ಅದು ನೀರಿಗೆ ಬೆನ್ನು ಮಾಡಿ, ಹಿಂದಿನ ಕಾಲುಗಳನ್ನು ಮೊದಲು ಇಳಿಸಿ, ಸೊಂಟದವರೆಗೆ ನೀರಿನಲ್ಲಿ ಕುಳಿತು ನಮ್ಮತ್ತ ಮುಖ ಮಾಡಿತು. ಸೆಕೆಗೆ ಹುಲಿಗಳು ಹೀಗೆ ಕೂರುವುದುಂಟು. ಅಷ್ಟರಲ್ಲಿ ಯಾರದೋ ಮೊಬೈಲ್ ಜೋರಾಗಿ ಹಾಡಿತು, ಅದನ್ನು ಆರಿಸಲೆಂದು ಇಬ್ಬರು ಎದ್ದು ನಿಂತರು. ಹುಲಿ ಕಿವಿ ಹಿಂದಕ್ಕೆ ಮಡಚಿತು, ಎದ್ದಿತು, ನೀರು ಸುರಿಸುತ್ತ ಪೊದೆಯೊಳಗೆ ಹೋಯಿತು. ಇಪ್ಪತ್ತು ಜನ ಕಾದು ಗಳಿಸಿದ್ದು ಅರೆ ನಿಮಿಷದಲ್ಲಿ ಮುಗಿಯಿತು. ಒಣಮಣ್ಣಿನ ಮೇಲೆ ಉಳಿದ ಒದ್ದೆ ಹೆಜ್ಜೆಗಳು ನಾವು ನೋಡುನೋಡುತ್ತಿದ್ದಂತೆ ಆರಿಹೋದವು.

ಹುಲಿ ಎದುರಾದಾಗ

ಎದ್ದು ನಿಲ್ಲಬೇಡಿ, ಬೆರಳು ಮಾಡಿ ಕೂಗಬೇಡಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ‘ಎರಡು ಗಂಟೆಯ ಕಡೆ, ಬಿದಿರಿನ ಕೆಳಗೆ’ ಎಂದು ಮೆಲುದನಿಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ವಾಹನದ ಆಚೆ ಬದಿಯಲ್ಲಿ ಕುಳಿತವರಿಗೂ ಕಾಣುವಂತೆ ಒಂದಷ್ಟು ಬಗ್ಗಿ ಕುಳಿತುಕೊಳ್ಳಿ. ಉದ್ದ ಲೆನ್ಸಿನವರು ನಾಲ್ಕು ಚಿತ್ರ ತೆಗೆದು ಕ್ಯಾಮೆರಾ ಇಳಿಸಿ ಮಕ್ಕಳಿಗೆ ಜಾಗ ಬಿಟ್ಟುಕೊಡುವುದು ಸೌಜನ್ಯ. ಫ್ಲ್ಯಾಶ್ ಬಳಸಲೇಬಾರದು.

ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಅವನ್ನು ಸುತ್ತುವರಿಯುವಂತಿಲ್ಲ. ದಾರಿಯಲ್ಲಿ ನಡೆದು ಬರುತ್ತಿರುವ ಹುಲಿಗೆ ವಾಹನಗಳು ಹಿಂದೆ ಮುಂದೆ ನಿಂತು ಅಡ್ಡಗಟ್ಟಿದರೆ ಅದಕ್ಕೆ ಹೋಗಲು ದಾರಿ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ‘ಇನ್ನೂ ಹತ್ತಿರ ಹೋಗಿ’ ಎನ್ನುವ ಸಹಪ್ರಯಾಣಿಕರಿಗೆ, ‘ಬೇಡ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ’ ಎಂದು ನೀವು ಹೇಳಿದರೆ ಚಾಲಕರಿಗೆ ದೊಡ್ಡ ಬಲ ಬರುತ್ತದೆ. ಆ ಮಾತನ್ನು ಅವರೇ ಆಡಿದರೆ ದೂರು ಕೇಳಬೇಕಾಗುತ್ತದೆ, ಟಿಕೆಟ್ ಕೊಂಡ ಪ್ರಯಾಣಿಕರು ಆಡಿದರೆ ಉಳಿದವರು ಕೇಳುತ್ತಾರೆ.

ಹುಲಿ ಸಿಗದ ದಿನಗಳಲ್ಲಿ ಸೀಳುನಾಯಿಗಳ ಹಿಂಡು, ಬಿಳಿ ಬಣ್ಣದ ಕಾಲ್ಚೀಲ ತೊಟ್ಟಂತೆ ನಿಲ್ಲುವ ಕಾಟಿ, ಮರಿಯನ್ನು ಕಾಲುಗಳ ನಡುವೆ ಮರೆಮಾಡುವ ಆನೆಗಳ ಗುಂಪು ಎದುರಾಗಬಹುದು. ಅವುಗಳ ಬಳಿಯೂ ನಿಲ್ಲಿಸಲು ಹೇಳಿ. ಆನೆಯ ಹತ್ತಿರವಂತೂ ಹುಲಿಯ ಹತ್ತಿರಕ್ಕಿಂತ ಹೆಚ್ಚು ಎಚ್ಚರಿಕೆ ಬೇಕು.

ಹೊರಬಂದ ಮೇಲೆ

ನೀರಿನ ಬಾಟಲಿ ಸೇರಿ ತಂದದ್ದನ್ನೆಲ್ಲ ತಿರುಗಿ ಒಯ್ಯಿರಿ. ಚಾಲಕರಿಗೆ ಭಕ್ಷೀಸು ಕೊಡುವುದು ನಿಮ್ಮ ಇಚ್ಛೆ. ಕೊಡುವುದಾದರೆ ಹುಲಿ ಕಾಣದ ದಿನವೂ ಅಷ್ಟೇ ಕೊಡಿ, ಕಂಡ ದಿನ ಮಾತ್ರ ಕೊಟ್ಟರೆ ಅವರನ್ನು ಓಡಾಟಕ್ಕೆ ಹಚ್ಚಿದಂತಾಗುತ್ತದೆ.

ಸಂಜೆಯ ಸಫಾರಿ ಮುಗಿಯುವ ಹೊತ್ತಿಗೆ ಕತ್ತಲಾಗುತ್ತ ಬಂದಿರುತ್ತದೆ, ಮರಳುವ ರಸ್ತೆಯನ್ನು ಮೊದಲೇ ನೋಡಿಕೊಂಡಿರಬೇಕು. ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಎಚ್.ಡಿ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ, ಆದ್ದರಿಂದ ಕೇರಳದ ಕಡೆ ಹೋಗುವವರು ಬೆಳಗಿನ ಸಫಾರಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಕಾಡಿನ ರಸ್ತೆಯಲ್ಲಿ ವೇಗ ಇಳಿಸಿ, ಕಾರು ನಿಲ್ಲಿಸಬೇಡಿ, ಕೋತಿಗಳಿಗೆ ತಿಂಡಿ ಎಸೆಯಬೇಡಿ. ಒಂದು ಜಿಂಕೆ ರಸ್ತೆ ದಾಟಿದರೆ ಹಿಂದೆ ಇನ್ನೂ ನಾಲ್ಕು ಇರುತ್ತವೆ, ಅವು ದಾಟುವವರೆಗೆ ನಿಧಾನಿಸಿ.