ಭತ್ತದ ಹೂವು ಅರಳದಿದ್ದರೆ: ವಂಶದ ಗುಣವಾ, ಮಳೆಯ ಕಾಟವಾ?

ಸಂಜೆ ಗದ್ದೆಗೆ ಹೋಗಿ "ಹೂವು ಅರಳಲೇ ಇಲ್ಲ" ಅಂತ ತಲೆ ಕೆಡಿಸಿಕೊಳ್ಳಬೇಡಿ, ನಾನೂ ಮೊದಲ ಸಲ ಹಾಗೇ ಮೋಸ ಹೋದವನು. ಭತ್ತ ಅರಳೋದು ಹೆಚ್ಚಾಗಿ ಬೆಳಿಗ್ಗೆ 9ರಿಂದ 12ರೊಳಗೆ, ಒಂದೊಂದು ಹೂವು ಬಾಯಿ ತೆರೆದಿರುವುದು ಸುಮಾರು 1 ಗಂಟೆ. ನಮ್ಮ ಉಡುಪಿ ಕಡೆಯ ಏಣೆಲು ಬೆಳೆಗೆ (ಮಳೆಗಾಲದ ಭತ್ತ) ಮೋಡ, ಮಳೆ ಬೇರೆ. ಇನ್ನೂ ತಡವಾಗುತ್ತದೆ.

ಅನುಮಾನ ಬಂದ ತೆನೆಗೆ ಬಣ್ಣದ ನೂಲು ಕಟ್ಟಿ, ಹೊರಬಿದ್ದ ದಿನದಿಂದ ಒಂದು ವಾರ ದಿನಾ ಬೆಳಿಗ್ಗೆ ನೋಡಿ. ಅರಳಿದ ಹೂವಿನ ಕೇಸರ ಒಣಗಿ ಸಿಪ್ಪೆಯ ಹೊರಗೆ ನೇತಾಡುತ್ತದೆ. ಹೊರಗೆ ಏನೂ ಕಾಣದಿದ್ದರೆ, ಹಾಲು ತುಂಬುವ ಹೊತ್ತಿಗೆ ಎರಡು ಕಾಳನ್ನು ಸೂಜಿಯಿಂದ ಮೆಲ್ಲ ಬಿಡಿಸಿ. ಎಳೆ ಅಕ್ಕಿಯ ನೆತ್ತಿ ಮೇಲೆ 6 ಕೇಸರ ಕಂದು ಬಣ್ಣಕ್ಕೆ ತಿರುಗಿ ಮುದುಡಿ ಕೂತಿದ್ದರೆ, ಹೂವು ಮುಚ್ಚಿಕೊಂಡೇ ಕಾಳು ಕಟ್ಟಿದೆ ಅಂತ ಅರ್ಥ. ಬರೀ ಜಳ್ಳಾಗಿದ್ದರೆ ಅದು ಬೇರೆ ಸಮಸ್ಯೆ, ಇದಲ್ಲ.

ಹೂವಿನ ಬುಡದಲ್ಲಿ ಲಾಡಿಕ್ಯೂಲ್ ಅಂತ ಎರಡು ಪುಟ್ಟ ಗುಳ್ಳೆಗಳಿವೆ. ಅವು ನೀರು ಕುಡಿದು ಉಬ್ಬಿದರೆ ಮಾತ್ರ ಸಿಪ್ಪೆ ತೆರೆಯೋದು. ಜಪಾನಿನಲ್ಲಿ ಸಿಕ್ಕ ಒಂದು ಭತ್ತದಲ್ಲಿ ಸೂಪರ್‌ವುಮನ್1 ಅನ್ನುವ ಜೀನ್‌ನ ಒಂದೇ ಅಕ್ಷರ ಬದಲಾಗಿ ಈ ಗುಳ್ಳೆಗಳ ರೂಪವೇ ಕೆಟ್ಟು ಹೋಗಿತ್ತು. ತಮಾಷೆ ಅಂದ್ರೆ ಚಳಿ ಇರುವಲ್ಲಿ ಅದೇ ಭತ್ತ ಅರಳುತ್ತದೆ! ಬಾರ್ಲಿಯಲ್ಲಿ ಜೀನ್ ಬೇರೆ, ಆದರೆ ಅಲ್ಲೂ ಕೈಕೊಡೋದು ಲಾಡಿಕ್ಯೂಲೇ.

ಹಾಗಾಗಿ ಒಂದೇ ಬೆಳೆ ನೋಡಿ ತೀರ್ಮಾನ ಮಾಡಬೇಡಿ. ಆ ತೆನೆಯ ಬೀಜವನ್ನು ಮುಡಿಗೆ (ಬೀಜ ಕಟ್ಟಿಡುವ ಹುಲ್ಲಿನ ಮೂಟೆ) ಸೇರಿಸದೆ ಬೇರೆ ಕಟ್ಟಿಡಿ. ಸ್ವಲ್ಪ ಸುಗ್ಗಿಗೆ (ಏಣೆಲಿನ ನಂತರದ ಎರಡನೇ ಬೆಳೆ), ಸ್ವಲ್ಪ ಮುಂದಿನ ಏಣೆಲಿಗೆ ಹಾಕಿ, ಪಕ್ಕದಲ್ಲೇ ಅದೇ ತಳಿಯ ಮಾಮೂಲಿ ಬೀಜದ್ದೂ ಒಂದು ಸಾಲು ಇರಲಿ. ಪಕ್ಕದ ಸಾಲು ಅರಳಿ, ಇದರ ಗಿಡಗಳೆಲ್ಲ ಎರಡು ಸಲವೂ ಮುಚ್ಚಿಯೇ ಇದ್ದರೆ ಅದು ಹೆಚ್ಚುಕಡಿಮೆ ವಂಶದ್ದೇ.

ಪಕ್ಕಾ ಆಗಬೇಕಾದರೆ ಅರಳುವ ಗಿಡದ ಜೊತೆ ಕ್ರಾಸ್ ಮಾಡಬೇಕು. ಗುಣ ಒಂದೇ ಜೀನ್‌ನದ್ದಾಗಿ, ಅಡಗಿ ಕೂರುವ ಜಾತಿಯದ್ದಾದರೆ, ಮೊದಲ ಪೀಳಿಗೆ ಪೂರ್ತಿ ಅರಳುತ್ತದೆ, ಎರಡನೆಯದರಲ್ಲಿ ಸುಮಾರು 4ಕ್ಕೆ 1 ಮುಚ್ಚಿರುತ್ತದೆ. ಎಂಟ್ಹತ್ತು ಗಿಡ ಸಾಲದು, ನೂರಾದರೂ ಎಣಿಸಿ. ಕ್ರಾಸ್ ಮಾಡುವಾಗ ತಾಯಿ ಹೂವಿನ ಸಿಪ್ಪೆ ಕತ್ತರಿಸಿ, ಅರಳುವ ಮೊದಲೇ ಆರೂ ಕೇಸರ ಕೀಳಬೇಕು. ಕೈ ನಡುಗುವವರು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.