ಕಾಂಡ್ಲಾ ಹಾದಿಗೆ ಇಳಿತ ನೋಡಿ ಹೋಗುವುದು

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆ ಹಾಸಿದ ನಡಿಗೆಹಾದಿ ಇದೆ. ಅಲ್ಲಿಗೆ ಹೋಗುವ ದಿನವನ್ನು ನಾನು ಗೊತ್ತುಮಾಡುವುದು ತಿಥಿ ನೋಡಿ. ಭರತ (ಉಬ್ಬರ) ಏರಿದ್ದಾಗ ಹಾದಿಯ ಕೆಳಗೆ ಬರೀ ನೀರು. ಹೆಚ್ಚಿನವರು ಮರಗಳನ್ನಷ್ಟೇ ನೋಡಿ ಮರಳುವುದು ಇದರಿಂದಲೇ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಒಳಗಿದ್ದು, ನೀರು ಮತ್ತೆ ಏರತೊಡಗುವವರೆಗೆ ಇರುತ್ತೇನೆ.

ವೇಳೆಗೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ಸಾಕು. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಹಾದಿ ತೆರೆದಿರುವ ಹೊತ್ತಿಗೆ ಇಳಿತ ಬೀಳುವ ದಿನ ಹುಡುಕಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕೆಸರು ಅಗಲವಾಗಿ ತೆರೆಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಮಂದ. ಪಟ್ಟಿಯನ್ನು ನಿಮಿಷದ ಲೆಕ್ಕದಲ್ಲಿ ನಂಬಬೇಡಿ. ಅಳಿವೆಯೊಳಗೆ ಇಳಿತ ಕಡಲಿಗಿಂತ ತಡ. ಮೇಲೆ ಗೇರುಸೊಪ್ಪ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರೆ ಅಂದುಕೊಂಡಷ್ಟು ಇಳಿಯುವುದೂ ಇಲ್ಲ. ನಾನು ಬೇರುಗಳನ್ನು ನೋಡುತ್ತೇನೆ. ನೀರಿನ ಮೇಲಿನ ಬೇರು ಹಸಿಯಾಗಿ ಹೊಳೆಯುತ್ತಿದ್ದರೆ ಇಳಿಯುತ್ತಿದೆ, ನೀರಿನಂಚಿನವರೆಗೂ ಒಣಗಿದ್ದರೆ ಏರುತ್ತಿದೆ.

ಇನ್ನು ನಿಲ್ಲುವುದು. ಇದೇ ಮುಖ್ಯ. ಹೆಜ್ಜೆಯ ಅದುರು ಕಂಬಗಳಗುಂಟ ಕೆಸರಿಗಿಳಿದು, ಏಡಿಗಳೆಲ್ಲ ಬಿಲ ಸೇರುತ್ತವೆ. ತಿರುವಿನಲ್ಲೊಂದು ಜಾಗ ಹಿಡಿದು ಹತ್ತು ನಿಮಿಷ ಕದಲದೆ ನಿಂತರೆ ಮೊದಲು ಸಣ್ಣ ಏಡಿಗಳು, ಆಮೇಲೆ ಒಂದೇ ಒಂದು ದೊಡ್ಡ ಕೊಂಬು (ಇಕ್ಕುಳದಂಥ ಮುಂಗಾಲು) ಬೀಸುವ ಗಂಡು ಫಿಡ್ಲರ್ ಏಡಿಗಳು, ಜೊತೆಗೆ ರೆಕ್ಕೆಯೂರಿ ಕೆಸರಿನ ಮೇಲೆ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನುಗಳು ಹೊರಬರುತ್ತವೆ. ಆಗ ಕಟಾಂಜನದಿಂದ ಬಗ್ಗಬಾರದು. ಚಲಿಸುವ ನೆರಳು ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಬೆನ್ನಿಗೆ ಬಿಸಿಲಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿ.

ಬೈನಾಕ್ಯುಲರ್ 8 ಪಟ್ಟು ಹಿಗ್ಗಿಸಿ ತೋರಿಸುವಂಥದ್ದು ಸಾಕು. ಎರಡು ಮೀಟರ್ ಹತ್ತಿರದ್ದೂ ಸ್ಪಷ್ಟವಾಗಿ ಕಾಣುವಂಥದ್ದೇ ಬೇಕು, ಇಲ್ಲದಿದ್ದರೆ ಕಾಲಡಿಯ ಏಡಿ ಮಸುಕು. ಟ್ರೈಪಾಡ್ ಇಲ್ಲಿ ಕೆಲಸಕ್ಕೆ ಬಾರದು: ಬೇರೆ ಯಾರೋ ನಡೆದರೂ ಹಲಗೆ ನಡುಗುತ್ತದೆ.

ಹಕ್ಕಿಗಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ವಲಸೆ ಬಂದ ಗೊರವಗಳೂ ಇರುತ್ತವೆ. ನೀರು ಇಳಿಯುವಾಗ ಸಣ್ಣ ಕಾಲುವೆಗಳ ಬಾಯಲ್ಲಿ ಮೀನು ಒತ್ತಾಗುತ್ತದೆ. ಬೆಳ್ಳಕ್ಕಿ, ಮಿಂಚುಳ್ಳಿ ಕಾಯುವುದು ಅಲ್ಲೇ. ನೀರು ಏರತೊಡಗಿದ ಮೇಲೆ ಕೆಸರು ಬಿಟ್ಟು ಕಾಂಡಗಳನ್ನು ನೋಡಿ, ಕೆಲವು ಜಾತಿಯ ಏಡಿಗಳು ಮರ ಹತ್ತುತ್ತವೆ.

ನೆರಳಿನ ಹಲಗೆಗಳಲ್ಲಿ ಪಾಚಿ ಕಟ್ಟಿರುತ್ತದೆ, ಹಿಡಿತವಿರುವ ಅಟ್ಟೆಯ ಬೂಟು ಹಾಕಿ. ಮನೆಗೆ ಬಂದ ಮೇಲೆ ಲೆನ್ಸನ್ನು ನೇರವಾಗಿ ಒರೆಸಬೇಡಿ. ಮೊದಲು ಗಾಳಿಪಂಪಿನಿಂದ ಊದಿ, ಆಮೇಲೆ ಒದ್ದೆ ಬಟ್ಟೆ. ಉಪ್ಪಿನ ಹರಳು ಗಾಜಿನ ಮೇಲಿನ ಲೇಪವನ್ನು ಗೀರಬಹುದು.